ಹೆಂಗೆ ಬಂತು, ಹೇಳು

ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗಳಿಗೆ ನವೋದಯ ವಸತಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ಸೀಟು ಸಿಗಲಿಲ್ಲ. ಹಾಗಾಗಿ ಇದು ಸೀಟು ಗಿಟ್ಟಿಸಿದ ಮನೆಯವರು ಹೇಳುವ ಗುಟ್ಟಿನ ಮಾತಲ್ಲ. ಆದರೂ ಬರೆಯಲು ಕೂತಿದ್ದೇನೆ. ಯಾಕಂದರೆ ಒಂದು ವಾರದಿಂದ ಡೇರಿಗೆ ಹಾಲು ಹಾಕಲು ಬರುವವರೆಲ್ಲ ಇದನ್ನೇ ಕೇಳುತ್ತಿದ್ದಾರೆ. "ಅಕ್ಕ, ನವೋದಯಕ್ಕೆ ಅರ್ಜಿ ಕರೆದವ್ರಂತೆ. ಮಗೀಗೆ ಹೆಂಗೆ ಓದಿಸ್ಬೇಕು, ವಸಿ ಹೇಳಿ." ಕ್ಯಾನು ಹಿಡಿದು ಸಾಲಲ್ಲಿ ನಿಂತವರಿಗೆ ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು.

ನಾವಿರುವುದು ಮಂಡ್ಯದಿಂದ ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರು, ಕಬ್ಬು, ಭತ್ತ, ಮನೆಗೆರಡು ಹಸು. ನಾನು ಊರಿನ ಡೇರಿಯಲ್ಲಿ ಬೆಳಿಗ್ಗೆ, ಸಂಜೆ ಹಾಲು ಅಳೆದು ಚೀಟಿ ಕೊಡುತ್ತೇನೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲೇ ಒಂದರಿಂದ ಐದರವರೆಗೆ ಓದಿದವಳು.

ನಾನು ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಬರೆದವಳು. ಪಕ್ಕದೂರಿನ ಶಾಲೆಗೆ ನಡೆದುಕೊಂಡು ಹೋಗಿ, ಯಾರದೋ ಮುಖ ನೋಡಿಕೊಂಡು ಬರೆದದ್ದು ಇನ್ನೂ ಕಣ್ಣಲ್ಲಿದೆ. ಆಮೇಲೆ ಆ ಪರೀಕ್ಷೆ ಹೋಯಿತು. ಈಗಿನ ಮಕ್ಕಳಿಗೆ ಯಾವ ಪರೀಕ್ಷೆ ಇದೆ, ಯಾವುದು ಇಲ್ಲ ಅಂತ ನಮಗೇ ಗೊತ್ತಾಗುವುದಿಲ್ಲ. 2024ರ ಮಾರ್ಚ್‌ನಲ್ಲಿ ಐದು, ಎಂಟು, ಒಂಬತ್ತನೇ ಕ್ಲಾಸಿಗೆ ಬೋರ್ಡ್ ಪರೀಕ್ಷೆ ಶುರುವಾಯಿತು. ಮಧ್ಯದಲ್ಲಿ ನಿಂತಿತು. ಹೈಕೋರ್ಟ್ ಹೇಳಿದ ಮೇಲೆ ಮತ್ತೆ ನಡೆಯಿತು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ನನ್ನ ವಾರಗಿತ್ತಿಯ ಮಗ ಆಗ ಐದರಲ್ಲಿದ್ದ. ಅರ್ಧ ಪರೀಕ್ಷೆ ಬರೆದು ಮನೆಯಲ್ಲಿ ಕೂತು, "ದೊಡ್ಡವ್ವ, ನಾಳೆ ಐತಾ, ಇಲ್ವಾ?" ಅಂತ ದಿನಾ ಕೇಳುತ್ತಿದ್ದ. ಹತ್ತು ವರ್ಷದ ಮಗುವಿಗೆ ಏನು ಉತ್ತರ ಕೊಡೋದು? ಅದಕ್ಕೇ ಏನೋ, ನವೋದಯದ ಪರೀಕ್ಷೆ ಅಂದಾಗ ನನಗೆ ಇದಾದರೂ ಗಟ್ಟಿಯಾಗಿದೆ ಅನ್ನಿಸಿತ್ತು.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ಬಂದ ಶಾಲೆಗಳು ಇವು. ಹಳ್ಳಿಯ ಮಕ್ಕಳಿಗೂ ಒಳ್ಳೆಯ ವಸತಿ ಶಾಲೆ ಸಿಗಲಿ ಅಂತ ಕೇಂದ್ರ ಸರ್ಕಾರ ಮಾಡಿದ್ದು. ಆರರಿಂದ ಹನ್ನೆರಡನೇ ಕ್ಲಾಸಿನವರೆಗೆ. ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲ ಅಲ್ಲೇ. ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಅದರಲ್ಲಿ ಮುಕ್ಕಾಲು ಪಾಲು, ಅಂದರೆ 60 ಸೀಟು, ಹಳ್ಳಿಯ ಮಕ್ಕಳಿಗೆ. ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ. ಐದನೇ ಕ್ಲಾಸನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಆರನೇ ಕ್ಲಾಸಿಗೆ ಸೇರುವ ಈ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಈ ಸಲ ಬರದಿದ್ದರೆ ಮುಂದಿನ ಸಲ ಅನ್ನುವ ಹಾಗಿಲ್ಲ.

ಪರೀಕ್ಷೆ ಎರಡು ಗಂಟೆ. 80 ಪ್ರಶ್ನೆ, 100 ಅಂಕ. ಕನ್ನಡದಲ್ಲೇ ಬರೆಯಬಹುದು. 40 ಪ್ರಶ್ನೆ ಬುದ್ಧಿಶಕ್ತಿಯದು, ಬರೀ ಚಿತ್ರಗಳು. 20 ಲೆಕ್ಕ. 20 ಭಾಷೆ. ಎಲ್ಲ ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸಿ ಓ.ಎಂ.ಆರ್. ಹಾಳೆಯಲ್ಲಿ ಗುಂಡಗೆ ತುಂಬುವುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಅರ್ಜಿ ಹಾಕಿದ್ದು 2024ರ ಮಳೆಗಾಲದಲ್ಲಿ. ಅರ್ಜಿಗೆ ದುಡ್ಡಿಲ್ಲ. ಶಾಲೆಯ ಹೆಡ್ ಮೇಷ್ಟ್ರು ಒಂದು ಸರ್ಟಿಫಿಕೇಟಿಗೆ ಸಹಿ ಹಾಕಿ, ಸೀಲು ಒತ್ತಿ ಕೊಡಬೇಕು. ಮಗು ಮೂರು, ನಾಲ್ಕು, ಐದು ಎಲ್ಲಿ ಓದಿದೆ ಅಂತ ಅದರಲ್ಲಿ ಇರುತ್ತದೆ. ಹಳ್ಳಿ ಕೋಟಾಕ್ಕೆ ಅದೇ ಆಧಾರ. ಆಮೇಲೆ ಫೋಟೋ, ಅಪ್ಪ ಇಲ್ಲವೇ ಅಮ್ಮನ ಸಹಿ, ಜೊತೆಗೆ ಮಗುವಿನದೇ ಒಂದು ಸಹಿ.

"ಸಹಿ ಅಂದ್ರೆ ಹೆಸರು ಬರೆಯೋದಾ, ಅವ್ವ?" ಅಂತ ಕೇಳಿದಳು. ಅಲ್ಲಿಯವರೆಗೆ ಅವಳು ಸಹಿ ಅಂತ ಹಾಕಿದ್ದೇ ಇಲ್ಲ. ಅವತ್ತು ಸಂಜೆ ಡೇರಿಯ ಹಳೇ ಚೀಟಿಗಳ ಹಿಂದೆ ಇಪ್ಪತ್ತು ಮೂವತ್ತು ಸಲ ಬರೆದಳು. ಕೊನೆಯ ಅಕ್ಷರಕ್ಕೆ ಒಂದು ಬಾಲ ಎಳೆದು ನೋಡಿದಳು, ಬೇಡ ಅಂತ ಬಿಟ್ಟಳು, ಮತ್ತೆ ಎಳೆದಳು. ಸೈಬರ್ ಸೆಂಟರಿನ ಹುಡುಗ ಆ ಬಾಲದ ಸಹಿಯನ್ನೇ ಸ್ಕ್ಯಾನ್ ಮಾಡಿ ಹಾಕಿದ. ನಿನಗೆ ಹೋಗೋಕೆ ಇಷ್ಟ ಇದೆಯಾ ಅಂತ ಅವತ್ತು ನಾನು ಕೇಳಬೇಕಿತ್ತು. ಕೇಳಲಿಲ್ಲ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಲ್ಲರೂ ಮಾಡುವ ಹಾಗೆ ಮಂಡ್ಯದ ಒಂದು ಕೋಚಿಂಗ್‌ಗೆ ಸೇರಿಸಿದೆವು. ಶನಿವಾರ ಮಧ್ಯಾಹ್ನ, ಭಾನುವಾರ ಪೂರ್ತಿ. ಅಲ್ಲಿ ಪ್ರತಿ ವಾರ ಟೆಸ್ಟು. ಸಂಜೆಯಾಗುವಷ್ಟರಲ್ಲಿ ಎಲ್ಲ ಮಕ್ಕಳ ಅಂಕ, ಯಾರು ಎಷ್ಟನೆಯವರು ಅಂತ ವಾಟ್ಸಾಪ್ ಗುಂಪಿಗೆ ಬರುತ್ತಿತ್ತು. ಮೊದಲ ವಾರ ಅವಳು 90 ಮಕ್ಕಳಲ್ಲಿ 61ನೆಯವಳು. ಎರಡನೇ ವಾರ 66. ನಾನು ಹಾಲು ಅಳೆಯುತ್ತಲೇ ಫೋನು ತೆಗೆದು ನೋಡುತ್ತಿದ್ದೆ. ಮನೆಗೆ ಬಂದು, "ಆ ಮಗೀಗೆ 78 ಬರುತ್ತೆ, ನಿಂಗ್ಯಾಕೆ 52?" ಅಂದೆ. ಆ ಮಾತು ಹೇಳಿದ್ದು ನಾನೇ. ಯಾರೋ ಹೇಳಿದ್ದನ್ನು ಬರೆಯುತ್ತಿಲ್ಲ.

ನಾಲ್ಕೈದು ವಾರ ಆಗಿರಬೇಕು. ಹಸುವಿಗೆ ಬೂಸಾ ಕಲಸಲು ಹೋದಾಗ ಚೀಲದ ಕೆಳಗೆ ಮಡಚಿದ ಹಾಳೆಗಳು ಕಂಡವು. ಮೂರು ಟೆಸ್ಟಿನ ಪೇಪರು. ಪ್ರತಿಯೊಂದರ ಮೇಲೂ ಕೆಂಪು ಇಂಕಲ್ಲಿ ಅಂಕ, ಸುತ್ತ ಒಂದು ಗೆರೆ. ಒಳಗೆ ತಪ್ಪಾದ ಪ್ರಶ್ನೆಗಳ ಮೇಲೆ ಬರೀ ಅಡ್ಡಗೆರೆ. ಯಾಕೆ ತಪ್ಪು ಅಂತ ಯಾರೂ ಒಂದು ಅಕ್ಷರ ಬರೆದಿರಲಿಲ್ಲ. ನಾನೂ ಅದುವರೆಗೆ ಆ ಪೇಪರುಗಳ ಒಳಗೆ ಏನಿದೆ ಅಂತ ನೋಡಿರಲಿಲ್ಲ. ಅಂಕ ಫೋನಿಗೆ ಬರುತ್ತಿತ್ತಲ್ಲ, ಅಷ್ಟೇ ನೋಡುತ್ತಿದ್ದೆ.

ಕೊಟ್ಟಿಗೆಯಲ್ಲೇ ಕೂತು ಮೂರನ್ನೂ ಓದಿದೆ. ಓದುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ಅವಳ ತಪ್ಪುಗಳು ಹೆಂಗೆಂಗೋ ಬಂದವಲ್ಲ. ಒಂದೇ ತರಹದ ಪ್ರಶ್ನೆಗೆ ಮೂರು ಪೇಪರಲ್ಲೂ ಒಂದೇ ತರಹದ ತಪ್ಪು. ಏನೋ ಒಂದು ಲೆಕ್ಕಾಚಾರ ಮನಸ್ಸಲ್ಲಿಟ್ಟುಕೊಂಡೇ ಆ ಉತ್ತರಕ್ಕೆ ಬರುತ್ತಿದ್ದಾಳೆ. ಅದೇನು ಅಂತ ಅವಳನ್ನೇ ಕೇಳಬೇಕು.

ಆ ವಾರದಿಂದ ಕೋಚಿಂಗ್ ಬಿಡಿಸಿದೆ. ಇವರು ಸ್ವಲ್ಪ ಗೊಣಗಿದರು, ಕಟ್ಟಿದ ಫೀಸು ವಾಪಸ್ ಬರಲ್ಲ ಅಂತ. ಬರಲೂ ಇಲ್ಲ. ಸಂಜೆ ಡೇರಿ ಬಾಗಿಲು ಹಾಕಿ ಬಂದು ಏಳೂವರೆಯಿಂದ ಎಂಟೂವರೆವರೆಗೆ ಅವಳ ಪಕ್ಕ ಕೂರಲು ಶುರು ಮಾಡಿದೆ. ಒಂದೇ ಗಂಟೆ. ದಿನಕ್ಕೆ ಹತ್ತು ಪ್ರಶ್ನೆಗಿಂತ ಜಾಸ್ತಿ ಇಲ್ಲ.

ಮೊದಲ ದಿನದ ಪ್ರಶ್ನೆ ತೂತಿನದು. ನವೋದಯದ ಪೇಪರು ನೋಡಿದವರಿಗೆ ಗೊತ್ತಿರುತ್ತದೆ. ಒಂದು ಚೌಕದ ಕಾಗದವನ್ನು ಎರಡು ಸಲ ಮಡಚಿ ಒಂದು ಕಡೆ ತೂತು ಮಾಡಿರುತ್ತಾರೆ. ಬಿಚ್ಚಿದಾಗ ಹೇಗೆ ಕಾಣುತ್ತದೆ ಅಂತ ನಾಲ್ಕು ಚಿತ್ರಗಳಲ್ಲಿ ಆರಿಸಬೇಕು. ಮೂರು ಪೇಪರಲ್ಲೂ ಅವಳು ಎರಡು ತೂತಿರುವ ಚಿತ್ರವನ್ನೇ ಆರಿಸಿದ್ದಳು.

"ಹೆಂಗೆ ಬಂತು ಪುಟ್ಟಿ, ಹೇಳು," ಅಂದೆ.

ತಲೆ ತಗ್ಗಿಸಿದಳು. ಬೈಯುತ್ತೇನೆ ಅಂದುಕೊಂಡಿರಬೇಕು. ಸ್ವಲ್ಪ ಹೊತ್ತು ಬಿಟ್ಟು, "ಎರಡು ಸಲ ಮಡಚವ್ರೆ. ಅದಕ್ಕೇ ಎರಡು," ಅಂದಳು.

ನೋಡಿ, ಎಷ್ಟು ಸರಿಯಾದ ಯೋಚನೆ! ಉತ್ತರ ತಪ್ಪು, ಆದರೆ ಯೋಚನೆಗೆ ಒಂದು ದಾರಿ ಇದೆ. ಇಷ್ಟು ದಿನ ಆ ಅಡ್ಡಗೆರೆ ಹೇಳಿದ್ದು ತಪ್ಪು ಅಂತ ಮಾತ್ರ. ಎಲ್ಲಿ ತಪ್ಪು ಅಂತ ಹೇಳಿರಲಿಲ್ಲ.

ಡೇರಿಯ ಚೀಟಿ ಒಂದನ್ನು ಚೌಕಕ್ಕೆ ಹರಿದು ಅವಳ ಕೈಗೆ ಕೊಟ್ಟೆ. ಒಂದು ಸಲ ಮಡಚಿದಳು. ಕೈವಾರದ ಮೊನೆಯಿಂದ ಚುಚ್ಚಿದಳು. ಬಿಚ್ಚಿದಳು. ಎರಡು. ಇನ್ನೊಂದು ಚೀಟಿಯನ್ನು ಎರಡು ಸಲ ಮಡಚಿ, ಚುಚ್ಚಿ, ಬಿಚ್ಚುವ ಮೊದಲು ನನ್ನ ಮುಖ ನೋಡಿದಳು. ನಾನು ಸುಮ್ನೆ ಇದ್ದೆ. ಬಿಚ್ಚಿದಳು. ನಾಲ್ಕು. ಬಲ್ಬಿಗೆ ಹಿಡಿದು ಇನ್ನೊಂದು ಸಲ ಎಣಿಸಿದಳು.

"ಮೂರು ಸಲ ಮಡಚಿದ್ರೆ?" ಅಂದೆ. "ಆರು," ಅಂದಳು. ಮಡಚಿದಳು. ಕಾಗದ ದಪ್ಪ ಆಗಿತ್ತು, ಕೈವಾರ ಒತ್ತಬೇಕಾಯಿತು. ಎಂಟು ಬಂತು. ಆಗ ನಾನು ಏನೂ ಹೇಳಲಿಲ್ಲ. ಅವಳೇ ಆ ಚೀಟಿಗಳನ್ನು ಸಾಲಾಗಿ ಜೋಡಿಸಿಟ್ಟು, "ಓ, ಒಂದೊಂದ್ ಸಲ ಮಡಚಿದಾಗ್ಲೂ ಡಬಲ್ ಆಯ್ತದೆ," ಅಂದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು: "ತೂತೆಲ್ಲ ಎದುರುಬದುರು ಕೂತ್ಕೊತವೆ ಅವ್ವ, ಕನ್ನಡೀಲಿ ನೋಡ್ದಂಗೆ."

ಆ ಎರಡನೇ ಮಾತೇ ಮುಖ್ಯ. ಪರೀಕ್ಷೆಯಲ್ಲಿ ನಾಲ್ಕು ತೂತಿರುವ ಚಿತ್ರ ಎರಡು ಮೂರು ಇರುತ್ತವೆ. ಎಲ್ಲಿ ಕೂತಿವೆ ಅನ್ನುವುದರ ಮೇಲೆ ಉತ್ತರ. ಮಡಿಕೆಯ ಗೆರೆಯಿಂದ ಈ ಕಡೆ ಎಷ್ಟು ದೂರವೋ ಆ ಕಡೆಯೂ ಅಷ್ಟೇ ದೂರ. ಕನ್ನಡಿ ಬಿಂಬದ ಪ್ರಶ್ನೆಗಳೂ ಇದೇ. ಒಂದು ಚೀಟಿಯಲ್ಲಿ ಎರಡು ಭಾಗ ಅರ್ಥವಾಯಿತು.

ನನ್ನ ಅತ್ತೆಗೆ ಓದು ಬರುವುದಿಲ್ಲ. ಒಂದು ಚಿತ್ರದೊಳಗೆ ಇನ್ನೊಂದು ಚಿತ್ರ ಅಡಗಿರುವ ಪ್ರಶ್ನೆ ಇರುತ್ತದಲ್ಲ, ಅದನ್ನು ಮಗಳ ಹೆಗಲ ಮೇಲಿಂದ ನೋಡಿ, "ಅಲ್ನೋಡು, ಆ ಗೆರೆ ಹಿಡ್ಕೊಂಡು ಹೋಗು, ಹಿಂದಕ್ಕೆ ಬಾ," ಅಂತ ಬೆರಳಿಟ್ಟು ತೋರಿಸಿದರು. ಐವತ್ತು ವರ್ಷ ಬಾಗಿಲಿಗೆ ಚುಕ್ಕಿ ರಂಗೋಲಿ ಬಿಟ್ಟವರ ಕಣ್ಣು ಅದು. ಆಮೇಲೆ ಆ ಭಾಗ ಪೂರ್ತಿ ಅಜ್ಜಿ ಮೊಮ್ಮಗಳದೇ. ನಾನು ಒಲೆ ಮುಂದೆ ಇರುತ್ತಿದ್ದೆ.

ಲೆಕ್ಕ ಬೇರೆ ಕಥೆ. 3.5 ದೊಡ್ಡದಾ, 3.45 ದೊಡ್ಡದಾ ಅಂದರೆ ಮಗಳು 3.45 ಅನ್ನುತ್ತಿದ್ದಳು. ಹೆಂಗೆ ಬಂತು? "45 ದೊಡ್ದು, 5 ಚಿಕ್ಕದು." ಇಲ್ಲೂ ಅವಳದೇ ಒಂದು ನ್ಯಾಯ. ಚುಕ್ಕಿಯ ಆ ಕಡೆ ಇರುವುದನ್ನು ಬೇರೆಯದೇ ಒಂದು ಸಂಖ್ಯೆ ಅಂತ ಓದುತ್ತಿದ್ದಾಳೆ. ದಶಮಾಂಶ ಸ್ಥಾನ, ಹತ್ತನೇ ಒಂದು, ನೂರನೇ ಒಂದು ಅಂತ ಹೇಳಿಕೊಡಲು ಹೋದೆ. ಅವಳ ಮುಖ ಮಂಕಾಯಿತು. ಬಿಟ್ಟೆ.

ಮರುದಿನ ಬೆಳಿಗ್ಗೆ ಡೇರಿಗೆ ಜೊತೆಯಲ್ಲೇ ಕರೆದುಕೊಂಡು ಹೋದೆ. ನಮ್ಮ ಮೆಷೀನಿನ ಚೀಟಿಯಲ್ಲಿ ಎಲ್ಲವೂ ಚುಕ್ಕಿಯಲ್ಲೇ ಬರುತ್ತದೆ. ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಹಾಲಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ), ದರ, ಮೊತ್ತ. ಒಬ್ಬರು ಹಾಕಿದ ಹಾಲು 3.5 ಲೀಟರು. ಇನ್ನೊಬ್ಬರದು 3.45. "ಯಾರ್ ಜಾಸ್ತಿ ಹಾಕವ್ರೆ?" ಅಂದೆ. ಅವಳು ಅಳತೆಯ ಪಾತ್ರೆ ನೋಡಿದಳು, ಚೀಟಿ ನೋಡಿದಳು. ಮೂರು ಲೀಟರು ಐನೂರು ಎಂಎಲ್, ಮೂರು ಲೀಟರು ನಾನೂರೈವತ್ತು ಎಂಎಲ್. ಹುಟ್ಟಿದಾಗಿನಿಂದ ಹಾಲಿನ ಮನೆಯಲ್ಲಿ ಬೆಳೆದ ಮಗು. ಐನೂರು ಅಂದರೆ ಅರ್ಧ ಲೀಟರು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. "ಹಂಗಾದ್ರೆ 3.5 ಅಂದ್ರೆ 3.50 ಅಲ್ವಾ! ಸೊನ್ನೆ ಯಾಕೆ ಬರ್ದಿಲ್ಲ?" ಅಂತ ಮೆಷೀನಿನ ಮೇಲೇ ಕೋಪ ಮಾಡಿಕೊಂಡಳು. ಆಮೇಲೆ ಯಾವ ಲೆಕ್ಕ ಕೊಟ್ಟರೂ ಮೊದಲು ಸೊನ್ನೆ ಸೇರಿಸಿ ಎರಡೂ ಕಡೆ ಸಮ ಮಾಡಿಕೊಳ್ಳುತ್ತಿದ್ದಳು. ಆ ತಪ್ಪು ಮತ್ತೆ ಬರಲೇ ಇಲ್ಲ.

ವೇಗ, ದೂರದ ಲೆಕ್ಕವನ್ನೂ ಗೈಡಿನಿಂದ ತೆಗೆದು ನಮ್ಮ ದಾರಿಗೆ ತಂದುಕೊಂಡೆವು. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರು ಅಂತ ಇಟ್ಟುಕೊಳ್ಳೋಣ. ಬಸ್ಸು ಒಂದೂಕಾಲು ಗಂಟೆ ತಗೊಂಡರೆ ಗಂಟೆಗೆ ಎಷ್ಟು? ಅವಳು ಒಂದೂಕಾಲು ಗಂಟೆಯನ್ನು ಐದು ಕಾಲು ಗಂಟೆ ಅಂತ ಮಾಡಿಕೊಂಡಳು. 45ನ್ನು ಐದು ಪಾಲು ಮಾಡಿದರೆ ಒಂದು ಪಾಲಿಗೆ 9. ಗಂಟೆಗೆ ಅಂತಹ ನಾಲ್ಕು ಪಾಲು. 36. ನಾನು ಹೇಳಿಕೊಟ್ಟ ದಾರಿ ಅದಲ್ಲ. ಅವಳದು ನನ್ನದಕ್ಕಿಂತ ಚೆನ್ನಾಗಿತ್ತು. ಹೆಂಗೆ ಬಂತು ಅಂತ ಸರಿಯಾದ ಉತ್ತರಕ್ಕೂ ಕೇಳಬೇಕು ಅನ್ನುವುದು ಅವತ್ತು ಗೊತ್ತಾಯಿತು.

ಕನ್ನಡದಲ್ಲಿ ಏನು ಕಷ್ಟ ಅಂತ ಎಲ್ಲರೂ ಆ ಭಾಗವನ್ನು ಬಿಟ್ಟುಬಿಡುತ್ತಾರೆ. ನಾವೂ ಬಿಟ್ಟಿದ್ದೆವು. ಒಂದು ಸಣ್ಣ ಬರಹ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ, ಅಷ್ಟೇ. ಒಂದು ದಿನ ಕೆರೆಯ ಬಗ್ಗೆ ಒಂದು ಬರಹ ಇತ್ತು. ಊರಿನ ಕೆರೆ ಯಾಕೆ ಬತ್ತಿತು ಅಂತ ಪ್ರಶ್ನೆ. ಹೂಳು ತುಂಬಿ ನೀರು ನಿಲ್ಲಲಿಲ್ಲ ಅಂತ ಬರಹದಲ್ಲೇ ಸ್ಪಷ್ಟವಾಗಿತ್ತು. ಅವಳು ಆರಿಸಿದ್ದು "ಮಳೆ ಬರಲಿಲ್ಲ".

ಯಾಕೆ ಅಂತ ಕೇಳಿದೆ. "ನಮ್ಮೂರ್ ಕೆರೆ ಹಂಗೇ ಬತ್ತಿದ್ದಲ್ವಾ," ಅಂದಳು.

ನಿಜ. 2023ರಲ್ಲಿ ಮಳೆ ಕೈಕೊಟ್ಟಿತ್ತು. ಕೆ.ಆರ್.ಎಸ್. ತುಂಬಲಿಲ್ಲ, ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ದಿನಾ ಧರಣಿ. ನಾಲೆಯಲ್ಲಿ ನೀರಿಲ್ಲದೆ ನಮ್ಮ ಗದ್ದೆ ಬಿರುಕು ಬಿಟ್ಟಿದ್ದನ್ನು ಈ ಮಗು ಕಣ್ಣಾರೆ ಕಂಡಿದೆ. ಆ ಉತ್ತರಕ್ಕೆ ತಪ್ಪು ಅಂತ ಗೆರೆ ಎಳೆಯಲು ನನಗೆ ಮನಸ್ಸಾಗಲಿಲ್ಲ. "ನೀನು ಹೇಳಿದ್ದು ದಿಟ ಕಣವ್ವ. ಆದ್ರೆ ಅವ್ರು ಕೇಳ್ತಿರೋದು ನಮ್ಮ ಕೆರೆ ಅಲ್ಲ, ಈ ಹಾಳೇಲಿರೋ ಕೆರೆ," ಅಂದೆ. ಆಮೇಲೆ ಉತ್ತರ ಬರಹದ ಯಾವ ಸಾಲಲ್ಲಿದೆ ಅಂತ ಬೆರಳಿಟ್ಟು ತೋರಿಸಿದ ಮೇಲೇ ಆರಿಸುವುದು ಅಂತ ಮಾಡಿಕೊಂಡೆವು. ಭಾಷೆಯಲ್ಲಿ ಅವಳ ಅರ್ಧ ತಪ್ಪು ಅದರಲ್ಲೇ ಹೋಯಿತು.

ಓ.ಎಂ.ಆರ್. ಹಾಳೆಯ ಬಗ್ಗೆ ಮಾತ್ರ ಎಲ್ಲ ತಂದೆತಾಯಿಗೂ ಕೈ ಮುಗಿದು ಹೇಳುತ್ತೇನೆ, ಅಭ್ಯಾಸ ಮಾಡಿಸಿ. ನಮ್ಮ ಶಾಲೆಯ ಮಕ್ಕಳು ಅಲ್ಲಿಯವರೆಗೆ ಅಂತಹ ಹಾಳೆ ನೋಡಿಯೇ ಇರುವುದಿಲ್ಲ. ಬಾಲ್ ಪೆನ್ನಲ್ಲಿ ತುಂಬಬೇಕು, ಅಳಿಸುವ ಹಾಗಿಲ್ಲ. ಒಂದು ದಿನ 23ನೇ ಪ್ರಶ್ನೆ ಕಷ್ಟ ಅಂತ ಬಿಟ್ಟು, 24ರ ಉತ್ತರವನ್ನು 23ರ ಸಾಲಲ್ಲಿ ತುಂಬಿಬಿಟ್ಟಳು. ಅಲ್ಲಿಂದ ಹದಿನೇಳು ಉತ್ತರ ಒಂದೊಂದು ಸಾಲು ಮೇಲೆ. ಗೊತ್ತಿದ್ದ ಉತ್ತರಗಳೆಲ್ಲ ತಪ್ಪು. ಅತ್ತೇಬಿಟ್ಟಳು. ಆಮೇಲೆ ಎಡಗೈಯಲ್ಲಿ ಸ್ಕೇಲನ್ನು ಸಾಲಿನ ಕೆಳಗೆ ಇಟ್ಟುಕೊಂಡು, ಪ್ರಶ್ನೆಯ ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಂಡು ತುಂಬುವುದನ್ನು ರೂಢಿ ಮಾಡಿಕೊಂಡಳು. 120 ನಿಮಿಷಕ್ಕೆ 80 ಪ್ರಶ್ನೆ, ಒಂದಕ್ಕೆ ಒಂದೂವರೆ ನಿಮಿಷ. ತಪ್ಪಿಗೆ ಅಂಕ ಹೋಗದ ಕಾರಣ ಯಾವುದನ್ನೂ ಖಾಲಿ ಬಿಟ್ಟು ಬರಬಾರದು. ಇಷ್ಟು ಗೊತ್ತಿದ್ದರೆ ಸಾಕು.

ನವೆಂಬರ್‌ನಲ್ಲಿ ಒಂದು ರಾತ್ರಿ, ದೀಪ ಆರಿಸಿದ ಮೇಲೆ, ಕತ್ತಲಲ್ಲಿ ಅವಳ ದನಿ ಬಂತು.

"ಅವ್ವ, ಸೀಟು ಸಿಕ್ಕಿದ್ರೆ ಹೋಗ್ಲೇಬೇಕಾ?"

ನನಗೆ ಎದೆ ಝಲ್ ಅಂದಿತು. ನಾಲ್ಕು ತಿಂಗಳಿಂದ ಪ್ರತಿ ಉತ್ತರಕ್ಕೂ ಹೆಂಗೆ ಬಂತು ಅಂತ ಕೇಳುತ್ತಿದ್ದವಳು, ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದನ್ನು ಕೇಳಿರಲಿಲ್ಲ. ಹತ್ತು ವರ್ಷದ ಮಗು ಮನೆ ಬಿಟ್ಟು, ಅಜ್ಜಿ ಬಿಟ್ಟು, ಕರು ಬಿಟ್ಟು ಹೋಗಬೇಕು. ಇದನ್ನು ಒಳಗೇ ಇಟ್ಟುಕೊಂಡು ದಿನಾ ಹತ್ತು ಪ್ರಶ್ನೆ ಬಿಡಿಸುತ್ತಿದ್ದಳು.

"ನಿಂಗೆ ಹೆಂಗ್ ಅನ್ಸುತ್ತೆ?" ಅಂದೆ.

"ಗೊತ್ತಿಲ್ಲ. ಹೋಗ್ಬೇಕು ಅಂತ್ಲೂ ಅನ್ಸುತ್ತೆ. ಬ್ಯಾಡ ಅಂತ್ಲೂ ಅನ್ಸುತ್ತೆ. ರಾತ್ರಿ ಎಚ್ಚರ ಆದ್ರೆ ಯಾರನ್ನ ಕರೀಲಿ?"

ಪಕ್ಕದಲ್ಲಿ ಅತ್ತೆ ಎದ್ದು ಕೂತಿದ್ದರು. ಅವರೂ ನಿದ್ದೆ ಮಾಡಿರಲಿಲ್ಲ. "ಅಷ್ಟ್ ಚಿಕ್ ಮಗೀನ ಎಲ್ಲಿಗ್ ಕಳಿಸ್ತೀಯವ್ವ," ಅಂದರು, ಅಷ್ಟೇ. ಬೇರೆ ದಿನವಾಗಿದ್ದರೆ ನಾನು ಅವರ ಮೇಲೆ ರೇಗುತ್ತಿದ್ದೆ. ಅವತ್ತು ಮಾತು ಹೊರಡಲಿಲ್ಲ.

ನಮ್ಮ ಬೀದಿಯ ಒಬ್ಬ ಹುಡುಗ ನವೋದಯದಲ್ಲಿ ಎಂಟರಲ್ಲಿ ಓದುತ್ತಾನೆ. ಅವನು ರಜೆಗೆ ಊರಿಗೆ ಬಂದಾಗ ಮನೆಗೆ ಕರೆದೆ. ನಾನು ದೂರ ಕೂತೆ, ಅವಳೇ ಕೇಳಲಿ ಅಂತ. ಎಲ್ಲ ಕೇಳಿದಳು. ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕು, ಮುದ್ದೆ ಕೊಡ್ತಾರಾ, ಬಟ್ಟೆ ಯಾರು ಒಗೀತಾರೆ, ರಾತ್ರಿ ಹೆದರಿಕೆ ಆದರೆ ಏನು ಮಾಡ್ತಾರೆ. ಅವನು ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಅಂತ ಹೌಸ್‌ಗಳ ಹೆಸರು ಹೇಳಿದ. ತಾನು ನೀಲಗಿರಿ ಅಂತ ಹೇಳುವಾಗ ಎದೆ ಮುಂದೆ ಬಂತು. ಒಂಬತ್ತನೇ ಕ್ಲಾಸಲ್ಲಿ ಕೆಲವರನ್ನು ಒಂದು ವರ್ಷ ಹಿಂದಿ ಮಾತಾಡುವ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ ಅಂದ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಮೊದ್ಲು ಎರಡು ತಿಂಗ್ಳು ದಿನಾ ಅಳ್ತಿದ್ದೆ. ಆಮ್ಯಾಕೆ ಸರಿಹೋಯ್ತು," ಅಂದ. ಆ ಹುಡುಗ ಹಾಗೆ ಮುಚ್ಚಿಡದೆ ಹೇಳಿದ್ದಕ್ಕೆ ನಾನು ಅವನಿಗೆ ಋಣಿ. ನಾನು ಹೇಳಿದ್ದರೆ ಅಳುವ ಮಾತು ಬಿಟ್ಟು ಹೇಳುತ್ತಿದ್ದೆ.

ಎರಡು ದಿನ ಬಿಟ್ಟು ಮಗಳು ಹೇಳಿದಳು: "ಪರೀಕ್ಷೆ ಬರೀತೀನಿ. ಸಿಕ್ಕಿದ್ರೆ ಎರಡ್ ತಿಂಗ್ಳು ಹೋಗಿ ನೋಡ್ತೀನಿ. ಆಗ್ದಿದ್ರೆ ಕರ್ಕೊಂಡ್ ಬರ್ಬೇಕು." ಅವರಪ್ಪ ಮಾತು ಕೊಟ್ಟರು. ಆಮೇಲೆ ಅವಳು ಕೂರುವ ರೀತಿಯೇ ಬದಲಾಯಿತು. ನಾನು ಕರೆಯುವ ಮೊದಲೇ ಚಾಪೆ ಹಾಸಿರುತ್ತಿದ್ದಳು.

ಪರೀಕ್ಷೆ 2025ರ ಜನವರಿ 18, ಶನಿವಾರ. ನಾಲ್ಕು ದಿನ ಮೊದಲು ಸಂಕ್ರಾಂತಿ. ಹಬ್ಬದ ದಿನ ಪುಸ್ತಕ ಮುಟ್ಟಬೇಡ ಅಂದೆ. ಹಸುವಿನ ಕೊಂಬಿಗೆ ಬಣ್ಣ ಹಚ್ಚಿದಳು, ಎಳ್ಳು ಬೀರಿದಳು, ಸಂಜೆ ಕಿಚ್ಚು ಹಾಯಿಸುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದಳು.

ಹನ್ನೊಂದೂವರೆಗೆ ಶುರು. ನಾವು ಮಂಡ್ಯದ ಆ ಹೈಸ್ಕೂಲಿಗೆ ಹೋದಾಗ ಗೇಟಿನ ಮುಂದೆ ಜಾತ್ರೆ ಸೇರಿದಂತಿತ್ತು. ಎಷ್ಟೋ ಜನ ಗೇಟಿನವರೆಗೂ ಗೈಡು ಹಿಡಿದು ಮಕ್ಕಳಿಗೆ ಪ್ರಶ್ನೆ ಕೇಳುತ್ತಲೇ ಇದ್ದರು. ಒಂದು ಗಂಡುಮಗು ಬಾಯಿ ಒಣಗಿಸಿಕೊಂಡು ನಿಂತಿತ್ತು, ಅವರಪ್ಪ ಲಾಭ ನಷ್ಟದ ಸೂತ್ರ ಹೇಳಿಸುತ್ತಿದ್ದರು. ಎರಡು ವಾರ ಆ ಮಗುವಿನ ಮುಖ ನನ್ನ ಕಣ್ಣ ಮುಂದೆ ಇತ್ತು. ನಾನು ಕೋಚಿಂಗ್ ಬಿಡಿಸದೇ ಇದ್ದಿದ್ದರೆ ಅಲ್ಲಿ ನಿಂತಿರುತ್ತಿದ್ದುದು ನಾನೇ.

ಮಗಳ ಬಳಿ ಹಾಲ್ ಟಿಕೆಟ್, ಎರಡು ಕಪ್ಪು ಪೆನ್ನು, ನೀರಿನ ಬಾಟಲಿ. ಒಳಗೆ ಹೋಗುವ ಮುಂಚೆ ಉಳಿದಿದ್ದ ಎಳ್ಳು ಬೆಲ್ಲ ಒಂದು ಚಿಟಿಕೆ ಬಾಯಿಗೆ ಹಾಕಿದೆ. ಎರಡು ಗಂಟೆ ಹೊಂಗೆ ಮರದ ಕೆಳಗೆ ಕೂತಿದ್ದೆವು. ಇವರು ಒಂದು ಮಾತೂ ಆಡಲಿಲ್ಲ. ನೆಲದ ಮೇಲೆ ಬಿದ್ದ ಹೊಂಗೆ ಕಾಯಿಗಳನ್ನು ಆರಿಸಿ ಸಾಲಾಗಿ ಇಡುತ್ತಿದ್ದರು.

ಹೊರಗೆ ಬಂದವಳನ್ನು ಎಷ್ಟು ಸರಿ, ಎಷ್ಟು ತಪ್ಪು ಅಂತ ಕೇಳಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಅವಳೇ ಓಡಿ ಬಂದು, "ತೂತಿಂದು ಬಂದಿತ್ತು ಅವ್ವ! ಎದುರುಬದುರು ಕೂತಿದ್ವು!" ಅಂದಳು. ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು ಊರಿಗೆ ಬಂದೆವು.

ಮಾರ್ಚ್ ಕೊನೆಯಲ್ಲಿ ಫಲಿತಾಂಶ ಬಂತು. ಹೆಸರಿರಲಿಲ್ಲ. ಹೇಳಿದಾಗ "ಹೂಂ" ಅಂದು ಕರುವಿಗೆ ಹುಲ್ಲು ಹಾಕಲು ಹೋದಳು. ರಾತ್ರಿ ಅತ್ತಳು. ನಾನೂ ಅತ್ತೆ. ಅತ್ತೆಯವರು ಮಾತ್ರ ಬೆಳಿಗ್ಗೆ ಎದ್ದು ದೇವರಿಗೆ ಎರಡು ಹೂ ಜಾಸ್ತಿ ಇಟ್ಟರು, ಅದು ನನ್ನ ಕಣ್ಣಿಗೆ ಬಿತ್ತು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಒಂಬತ್ತನೇ ಕ್ಲಾಸಿಗೆ ಖಾಲಿ ಉಳಿದ ಸೀಟುಗಳಿಗೆ ನವೋದಯದ ಇನ್ನೊಂದು ಪರೀಕ್ಷೆ ಇದೆ. ಅದು ಬಂದಾಗ ಮೊದಲು ಅವಳನ್ನು ಕೇಳಿ ಆಮೇಲೆ ಅರ್ಜಿ.

ಆಮೇಲೆ ಅವಳು ಆರಕ್ಕೆ ಹೋದಳು. ಆ ಸಲದ ನವೋದಯ ಪರೀಕ್ಷೆ ಇನ್ನೂ ಬೇಗ ಇತ್ತು, 2025ರ ಡಿಸೆಂಬರ್ 13ಕ್ಕೆ. ಎದುರು ಮನೆಯ ಹುಡುಗ ಅರ್ಜಿ ಹಾಕಿದ್ದ. ಅವರಮ್ಮ ಒಂದು ಸಂಜೆ ಅವನನ್ನು ಗೈಡಿನ ಸಮೇತ ಕರೆತಂದು ನಮ್ಮ ಜಗಲಿಯಲ್ಲಿ ಕೂರಿಸಿ ಹೋದರು. ನಾನು ಇನ್ನೂ ಡೇರಿಯ ಲೆಕ್ಕ ಬರೆಯುತ್ತಿದ್ದೆ. "ನೀನ್ ಬರೀಕೋ, ನಾನ್ ನೋಡ್ಕೊತೀನಿ," ಅಂತ ಮಗಳು ನನ್ನ ಡಬ್ಬಿಯಿಂದ ಹಳೇ ಚೀಟಿ ಒಂದನ್ನು ತೆಗೆದುಕೊಂಡಳು.

ಚೌಕಕ್ಕೆ ಹರಿದಳು. ಎರಡು ಸಲ ಮಡಚಿದಳು. ಕೈವಾರದಲ್ಲಿ ಚುಚ್ಚಿ, ಬಿಚ್ಚದೆ, ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಎಷ್ಟು ತೂತು, ಹೇಳ್ಲಾ?"

"ಎರಡು," ಅಂದ ಅವನು.

ಅವಳು ಮುಷ್ಟಿ ಬಿಚ್ಚಲಿಲ್ಲ. ಚಾಪೆಯ ಮೇಲೆ ಇನ್ನೊಂದಿಷ್ಟು ಹತ್ತಿರ ಸರಿದು ಕೂತು, "ಹೆಂಗೆ ಬಂತು, ಹೇಳು," ಅಂದಳು.